ಹಾಲೂಡಿಸುವ ವಿದ್ಯೆ

ಮೀನಿನ ಮರಿಗೆ ಈಜು ಕಲಿಸಬೇಕಾಗಿಲ್ಲ ಎಂಬ ಗಾದೆಯನ್ನು ಮೊಲೆಯೂಡುವ ವಿಷಯಕ್ಕೂ ಅನ್ವಯಿಸುವವರು ಬಹಳ ಮಂದಿ. ಹೆತ್ತವಳಿಗೆ ಹಾಲು ತಾನಾಗಿ ಬರುತ್ತದೆ, ಹುಟ್ಟಿದ ಕೂಸಿಗೆ ಕುಡಿಯುವುದು ತಾನಾಗಿ ಗೊತ್ತಿರುತ್ತದೆ, ಇದರಲ್ಲಿ ಕಲಿಯುವುದೇನಿದೆ ಎಂಬುದು ಅವರ ಎಣಿಕೆ. ಚೊಚ್ಚಲ ಬಾಣಂತಿಯ ಮೊದಲ ವಾರವನ್ನು ಹತ್ತಿರದಿಂದ ಕಂಡ ಸೂಲಗಿತ್ತಿಯಾಗಲಿ, ವಾರ್ಡಿನ ದಾದಿಯಾಗಲಿ ಹಾಗೆ ಹೇಳಲಾರರು. ಮಗು ಬಾಯಿ ಹಾಕುತ್ತದೆ, ಜಾರುತ್ತದೆ, ಮತ್ತೆ ಹುಡುಕುತ್ತದೆ, ಕೊನೆಗೆ ಕಿರುಚುತ್ತದೆ. ತೊಟ್ಟು ಬಿರುಕು ಬಿಟ್ಟು ಉರಿಯುತ್ತದೆ. ಮೂರನೆಯ ದಿನ ಎದೆ ಕಲ್ಲಿನಂತೆ ಬಿಗಿದು ಮೈ ಬಿಸಿಯಾಗುತ್ತದೆ. ಹೆರಿಗೆಯ ನೋವನ್ನು ಹಲ್ಲು ಕಚ್ಚಿ ತಡೆದವಳೂ ಆ ಹೊತ್ತಿಗೆ ‘ನನಗೆ ಹಾಲೇ ಇಲ್ಲ’ ಎಂದು ಅತ್ತುಬಿಡುತ್ತಾಳೆ. ಪ್ರಪಂಚದ ಯಾವ ಮೂಲೆಯಲ್ಲೇ ಆಗಲಿ, ಹಾಲಿನ ಡಬ್ಬ ಮನೆಯೊಳಗೆ ಬರುವುದು ಬಹುಮಟ್ಟಿಗೆ ಈ ಮಾತಿನ ಹಿಂದೆಯೇ.

ಹಾಲು ಇಲ್ಲದಿರುವುದು ನಿಜವಾಗಿ ಅಪರೂಪ. ಅದನ್ನು ಮಗುವಿಗೆ ದಾಟಿಸುವುದು ಗೊತ್ತಿಲ್ಲದಿರುವುದು ಸಾಮಾನ್ಯ. ಮಗು ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಅದರ ಬಾಯೊಳಗೆ ಹೋಗಬೇಕು. ಬಾಯಿ ಆಕಳಿಸುವಷ್ಟು ಅಗಲ ತೆರೆದಿರಬೇಕು, ಗದ್ದ ತಾಯಿಯ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿಕೊಂಡಿರಬೇಕು, ಮಗುವಿನ ತಲೆಯೂ ಮೈಯೂ ಒಂದೇ ನೇರದಲ್ಲಿದ್ದು ಹೊಟ್ಟೆ ತಾಯಿಯ ಕಡೆಗೆ ತಿರುಗಿರಬೇಕು. 1958ರಲ್ಲಿ ಬ್ರಿಟನ್ನಿನ ಸಂಶೋಧಕರು ಮೊಲೆಯುಣ್ಣುವ ಶಿಶುಗಳ ಎಕ್ಸ್‌ರೇ ಚಲನಚಿತ್ರ ತೆಗೆದರು. ತೊಟ್ಟು ಹಿಗ್ಗಿ ಉದ್ದವಾಗಿ ಮಗುವಿನ ಅಂಗುಳದವರೆಗೂ ಹೋಗುವುದು ಅದರಲ್ಲಿ ಕಂಡಿತು. ಸೀಸೆಯ ರಬ್ಬರನ್ನು ಚೀಪುವುದಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ಮಗುವಿಗೆ ಹುಟ್ಟಿನಿಂದ ಬರುವುದು ಹುಡುಕುವ ಮತ್ತು ಚೀಪುವ ಪ್ರವೃತ್ತಿ ಮಾತ್ರ. ಉಳಿದದ್ದನ್ನು ತಾಯಿ ಮಗು ಇಬ್ಬರೂ ಕೂಡಿ ಕಲಿಯಬೇಕು. ತಮ್ಮ ಜಾತಿಯ ಇತರ ತಾಯಂದಿರನ್ನು ನೋಡದೆ ಒಂಟಿಯಾಗಿ ಬೆಳೆದ ಕೋತಿ, ವಾನರಗಳಲ್ಲೂ ಚೊಚ್ಚಲ ಮರಿಗೆ ಹಾಲೂಡಲು ತಿಳಿಯದೆ ತಬ್ಬಿಬ್ಬಾಗುವವು ಉಂಟು.

ಹಿಂದೆ ಇದನ್ನು ಯಾರೂ ಪಾಠವೆಂದು ಹೇಳಿಕೊಡುತ್ತಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಕೂಡುಕುಟುಂಬದ ನಡುಮನೆಯಲ್ಲಿ, ಜಗಲಿಯ ಮೂಲೆಯಲ್ಲಿ, ಕಳೆ ಕೀಳುವ ಹೊಲದ ಬದುವಿನಲ್ಲಿ ಅತ್ತಿಗೆಯೋ ಚಿಕ್ಕಮ್ಮನೋ ಮಗುವಿಗೆ ಹಾಲು ಕೊಡುವುದನ್ನು ಹುಡುಗಿಯೊಬ್ಬಳು ಹತ್ತಾರು ವರ್ಷ ನೋಡಿರುತ್ತಿದ್ದಳು. ಕೂಸನ್ನು ಮಡಿಲಿಗೆ ಎತ್ತಿಕೊಳ್ಳುವ ಬಗೆ, ಸೆರಗಿನ ಮರೆಯಲ್ಲಿ ಅದರ ತಲೆಗೆ ಕೈ ಆನಿಸುವ ಬಗೆ ಅವಳ ಕಣ್ಣಿಗೆ ಮೊದಲೇ ಅಂಟಿಕೊಂಡಿರುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿಯ ಬಲವೂ ಇಲ್ಲಿದೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಉತ್ತರ ಕರ್ನಾಟಕದ ಅಂಟಿನ ಉಂಡೆ ಇವುಗಳಲ್ಲಿ ಎಷ್ಟು ಹಾಲು ಹೆಚ್ಚಿಸುತ್ತವೆ ಎನ್ನುವುದು ಬೇರೆ ಚರ್ಚೆ. ಅವುಗಳ ನೆಪದಲ್ಲಿ ಬಾಣಂತಿಗೆ ದುಡಿಮೆಯಿಂದ ಬಿಡುವು, ಹೊಟ್ಟೆತುಂಬ ಊಟ ಸಿಗುತ್ತಿತ್ತು. ನಾಲ್ಕಾರು ಮಕ್ಕಳಿಗೆ ಹಾಲೂಡಿಸಿದ ಹೆಂಗಸೊಬ್ಬಳು ದಿನವಿಡೀ ಪಕ್ಕದಲ್ಲೇ ಇರುತ್ತಿದ್ದಳು. ಮೂರರಲ್ಲಿ ಕೊನೆಯದೇ ದೊಡ್ಡದು.

ಆಯುರ್ವೇದದ ಹಳೆಯ ಗ್ರಂಥಗಳು ಈ ಅನುಭವವನ್ನು ಗಮನವಿಟ್ಟು ಗುರುತಿಸಿವೆ. ಚರಕ ಸಂಹಿತೆ ಧಾತ್ರಿಯ, ಅಂದರೆ ಮಗುವಿಗೆ ಮೊಲೆಯೂಡಲು ನೇಮಿಸುವ ಹೆಂಗಸಿನ, ಲಕ್ಷಣಗಳನ್ನು ವಿಸ್ತಾರವಾಗಿ ಹೇಳುತ್ತದೆ. (ಕನ್ನಡದ ‘ದಾದಿ’ ಈ ಧಾತ್ರಿಯ ತದ್ಭವವೇ. ಹಾಲೂಡಿಸುವವಳ ಹೆಸರು ಆಸ್ಪತ್ರೆಯ ಶುಶ್ರೂಷಕಿಗೆ ಹೋದದ್ದು ಆಮೇಲಿನ ಮಾತು.) ಹಾಲು ತುಂಬಿ ಬಿಗಿದ ಎದೆಯನ್ನು ಹಾಗೆಯೇ ಮಗುವಿನ ಬಾಯಿಗಿಡಬಾರದು, ಸ್ವಲ್ಪ ಹಿಂಡಿ ತೆಗೆದು ಆಮೇಲೆ ಕೊಡಬೇಕು, ಇಲ್ಲವಾದರೆ ಹಾಲು ನುಗ್ಗಿ ಮಗುವಿಗೆ ಕೆಮ್ಮು, ಉಬ್ಬಸ, ವಾಂತಿ ಆಗುತ್ತದೆ ಎಂದು ಸುಶ್ರುತ ಎಚ್ಚರಿಸುತ್ತಾನೆ. ಇವತ್ತಿನ ದಾದಿಯೂ ಎದೆ ಬಿಗಿದ ಬಾಣಂತಿಗೆ ಹೇಳುವುದು ಇದನ್ನೇ. ಹಾಲು ಇಳಿಯುವುದಕ್ಕೆ ಮಗುವಿನ ದರ್ಶನ, ಸ್ಪರ್ಶ, ನೆನಪು ಕಾರಣ, ಎಡೆಬಿಡದ ವಾತ್ಸಲ್ಯವೇ ಅದರ ಮೂಲ ಎಂದೂ ಸುಶ್ರುತ ಸಂಹಿತೆಯಲ್ಲಿದೆ. ಕರುವನ್ನು ಬಿಡದೆ ಹಸು ತೊರೆ ಬಿಡುವುದಿಲ್ಲ ಎಂದು ಬಲ್ಲ ಯಾವ ರೈತನಿಗೂ ಇದು ಹೊಸ ಮಾತೇನಲ್ಲ.

ಹಾಗೆಂದು ಹಳೆಯದೆಲ್ಲ ಸರಿಯಿತ್ತು ಎನ್ನುವಂತಿಲ್ಲ. ಇಲ್ಲೇ ಈ ಚರಿತ್ರೆಯ ವಿಚಿತ್ರ ತಿರುವು ಇದೆ. ಹೆರಿಗೆಯಾದ ಮೊದಲೆರಡು ದಿನ ಎದೆಯಿಂದ ಬರುವುದು ಅಂಟಂಟಾದ, ಹಳದಿ ಬಣ್ಣದ ಸ್ವಲ್ಪ ದ್ರವ. ಹೇರಳವಾದ ಬಿಳಿ ಹಾಲು ಮೂರನೆಯ ದಿನದ ಸುಮಾರಿಗೆ ಬರುತ್ತದೆ. ಮೂರು ನಾಲ್ಕು ರಾತ್ರಿಗಳ ಅನಂತರ ಹಾಲು ಹರಿಯುತ್ತದೆಂದು ಸುಶ್ರುತ ಬರೆದದ್ದು ನಿಖರವಾದ ಗಮನಿಕೆಯೇ. ಆದರೆ ಅಲ್ಲಿಯವರೆಗೆ ಮಗುವಿಗೆ ಜೇನು ತುಪ್ಪಗಳನ್ನು ಕೊಡುವಂತೆ ಆತ ಹೇಳಿದ. ಚರಕ ಮೊದಲು ಜೇನು ತುಪ್ಪ ನೆಕ್ಕಿಸಿ ಅನಂತರ ಬಲಸ್ತನವನ್ನು ಕೊಡಿಸುತ್ತಾನೆ. ಅಷ್ಟರಮಟ್ಟಿಗೆ ಅವನ ಕ್ರಮ ಮಗುವಿಗೆ ಹಿತ. ಇದು ಭಾರತದ ವಿಶೇಷವೂ ಅಲ್ಲ. ಸುಮಾರು ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ವೈದ್ಯನಾಗಿದ್ದ ಸೊರಾನಸ್, ಹೆತ್ತವಳ ಹಾಲು ಇಪ್ಪತ್ತು ದಿನಗಳವರೆಗೆ ಸಾಮಾನ್ಯವಾಗಿ ಒಳ್ಳೆಯದಲ್ಲವೆಂದು ಬರೆದ.

ನಮ್ಮ ಹಳ್ಳಿಗಳಲ್ಲಿ ಈ ಮೊದಲ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಬಹಳ ಕಾಲ ಉಳಿಯಿತು. ಒಂಬತ್ತು ತಿಂಗಳು ಎದೆಯಲ್ಲಿ ನಿಂತ ಹಳೆಯ ಹಾಲು, ಕೂಸಿಗೆ ಅರಗದು ಎಂಬುದು ಹೇಳುತ್ತಿದ್ದ ಕಾರಣ. ಅದರ ಬದಲಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆಯ ಹನಿ, ತೇಯ್ದ ಚಿನ್ನ. ಸೋಜಿಗವೆಂದರೆ ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ ಇದೇ ಮನೆಗಳು ಅದರ ಮೊದಲ ಹಾಲನ್ನು ಕಾಯಿಸಿ, ಬೆಲ್ಲ ಏಲಕ್ಕಿ ಸೇರಿಸಿ, ಗಿಣ್ಣು ಮಾಡಿ ನೆರೆಹೊರೆಗೆಲ್ಲ ಹಂಚುತ್ತಿದ್ದವು! ಹಸುವಿನ ಗಿಣ್ಣುಹಾಲು ಸತ್ತ್ವದ ಆಹಾರ, ಹೆತ್ತವಳ ಗಿಣ್ಣುಹಾಲು ಮಾತ್ರ ಕೆಟ್ಟದ್ದು. ಈ ಹಳದಿ ಹಾಲಿನಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ದಟ್ಟವಾಗಿರುತ್ತವೆ, ಮಗುವಿನ ಕರುಳಿಗೆ ಅವು ಒಳಪದರದಂತೆ ಹರಡಿಕೊಳ್ಳುತ್ತವೆ ಎಂಬುದು ಈಗ ಖಚಿತವಾಗಿ ತಿಳಿದಿದೆ. ಒಂದೊಂದು ಸಲಕ್ಕೆ ಅದು ಒಂದೆರಡು ಚಮಚದಷ್ಟೂ ಇರುವುದಿಲ್ಲ, ನಿಜ. ಆದರೆ ಹುಟ್ಟಿದ ದಿನದ ಮಗುವಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ಹಾಲು ಕಡಿಮೆ ಎಂಬ ತಾಯಿಯ ಮೊದಲ ದಿಗಿಲು ಈ ಲೆಕ್ಕ ಗೊತ್ತಿಲ್ಲದ್ದರಿಂದಲೇ ಹುಟ್ಟುವುದು. ಜೇನಿನ ವಿಷಯದಲ್ಲಂತೂ, ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಶಿಶುಗಳಲ್ಲಿ ಪಾರ್ಶ್ವವಾಯುವಿನಂಥ ಕಾಯಿಲೆ ತರಬಲ್ಲದೆಂಬುದು 1970ರ ದಶಕದಲ್ಲಿ ಬೆಳಕಿಗೆ ಬಂದ ಮೇಲೆ, ವರ್ಷ ತುಂಬುವವರೆಗೆ ಜೇನು ಬೇಡ ಎನ್ನುತ್ತಾರೆ ವೈದ್ಯರು.

ಯೂರೋಪಿನಲ್ಲಿ ಮೊದಲ ಹಾಲಿನ ಪರವಾಗಿ ದನಿ ಎದ್ದದ್ದು ಹದಿನೆಂಟನೆಯ ಶತಮಾನದಲ್ಲಿ. 1748ರಲ್ಲಿ ವಿಲಿಯಂ ಕ್ಯಾಡಗನ್ ಎಂಬ ಇಂಗ್ಲಿಷ್ ವೈದ್ಯ ಶಿಶುಪಾಲನೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಹುಟ್ಟಿದ ಮಗುವಿನ ಬಾಯಿಗೆ ಬೆಣ್ಣೆ ಸಕ್ಕರೆ ತುರುಕುವುದನ್ನು ಅವನು ಖಂಡಿಸಿದ. ಹೆತ್ತ ತಾಯಿಯೇ ಮೊಲೆಯೂಡಬೇಕೆಂದ. ಆ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ದಿನವೇ ಮಗುವನ್ನು ಎದೆಗೆ ಹಚ್ಚತೊಡಗಿದಾಗ ಬಾಣಂತಿಯರ ಹಾಲುಜ್ವರ ಇಳಿಮುಖವಾಯಿತು. ಕ್ಯಾಡಗನ್ ಹೇಳಿದ್ದು ಬಹುಪಾಲು ಸರಿ. ಆದರೆ ಅದೇ ಉಸಿರಿನಲ್ಲಿ ಅವನು ಇನ್ನೆರಡು ಮಾತು ಸೇರಿಸಿದ. ಈ ಕೆಲಸವನ್ನು ಹೆಂಗಸರ ಕೈಗೆ ಬಿಟ್ಟದ್ದೇ ತಪ್ಪು ಎಂಬುದೊಂದು. ದಿನಕ್ಕೆ ನಾಲ್ಕೇ ಸಲ ಹಾಲು, ರಾತ್ರಿ ಕೂಡದು ಎಂಬುದು ಇನ್ನೊಂದು. ಅಜ್ಜಿಯ ಜಾಗಕ್ಕೆ ವೈದ್ಯನೂ, ಮಗುವಿನ ಅಳುವಿನ ಜಾಗಕ್ಕೆ ಗಡಿಯಾರವೂ ಬಂದು ಕೂತದ್ದು ಹೀಗೆ.

ಗಡಿಯಾರದ ಆಳ್ವಿಕೆ ಪೂರ್ಣವಾಗಿ ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯ ಮಾನಸಿಕ ಆಸ್ಪತ್ರೆಯೊಂದರ ಮುಖ್ಯಸ್ಥನಾಗಿದ್ದವನು. ಅಲ್ಲಿನ ತೋಟದಲ್ಲಿ ಕರುಗಳನ್ನು ಸಾಕುವುದರಲ್ಲಿ ಯಶಸ್ಸು ಕಂಡು ಆ ಶಿಸ್ತನ್ನು ಶಿಶುಗಳಿಗೂ ತಂದ. 1907ರಲ್ಲಿ ಅವನ ಪ್ರೇರಣೆಯಿಂದ ಶುರುವಾದ ಪ್ಲಂಕೆಟ್ ಸಂಸ್ಥೆಯ ಮೂಲಕ ಅವನ ಸೂತ್ರ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಇಲ್ಲ, ಅತ್ತರೆ ಎತ್ತಿಕೊಳ್ಳುವುದು ಚಾಳಿಗೆ ದಾರಿ. ಟ್ರೂಬಿ ಕಿಂಗ್ ಸ್ವತಃ ತಾಯಿಹಾಲಿನ ದೊಡ್ಡ ಪಕ್ಷಪಾತಿ ಎಂಬುದೇ ಇಲ್ಲಿನ ವಿಪರ್ಯಾಸ. ಎದೆ ಎಷ್ಟು ಬರಿದಾಗುತ್ತದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು. ಮೊದಲ ವಾರಗಳಲ್ಲಿ ಮಗು ದಿನಕ್ಕೆ ಎಂಟು ಹತ್ತು ಹನ್ನೆರಡು ಸಲ ಕುಡಿಯುವುದು ಅದರ ಹಸಿವಿಗೂ ಬೇಕು, ತಾಯಿಯ ಹಾಲಿಗೂ ಬೇಕು. ಗಂಟೆ ನೋಡಿ ಹಾಲು ಕೊಟ್ಟವರಿಗೆ ಹಾಲು ಬತ್ತತೊಡಗಿದ್ದು ಅನಿವಾರ್ಯವೇ ಆಗಿತ್ತು. ಅದಕ್ಕೆ ತಾಯಿಯ ಮೈಯನ್ನು ದೂರಿದರೇ ಹೊರತು ಗಡಿಯಾರವನ್ನು ಯಾರೂ ದೂರಲಿಲ್ಲ.

ಇದರ ಜೊತೆಗೆ ಆಸ್ಪತ್ರೆಗಳ ಹೊಸ ಶಿಸ್ತು ಬಂತು. ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಗಾಜಿನ ಗೋಡೆಯ ಹಿಂದಿನ ಶಿಶುಕೋಣೆಗೆ ಒಯ್ದು, ಹೇಳಿದ ಹೊತ್ತಿಗೆ ಮಾತ್ರ ತಾಯಿಗೆ ತಂದು ತೋರಿಸುವುದು ವಾಡಿಕೆಯಾಯಿತು. 1970ರ ದಶಕ ಹುಟ್ಟುವ ಹೊತ್ತಿಗೆ ಅಲ್ಲಿ ಆಸ್ಪತ್ರೆಯಲ್ಲಿ ಮೊಲೆಯೂಡಲು ತೊಡಗುತ್ತಿದ್ದವರು ಸುಮಾರು ನಾಲ್ವರಲ್ಲಿ ಒಬ್ಬಳು. ಒಂದೆರಡು ತಲೆಮಾರುಗಳೊಳಗೆ, ನೋಡಿ ಕಲಿಯಲು ಅಕ್ಕನೂ ಇಲ್ಲ, ಕೇಳಿ ತಿಳಿಯಲು ಅಮ್ಮನೂ ಇಲ್ಲ ಎಂಬಂತಾಯಿತು. ಅಮ್ಮ ಬದುಕಿದ್ದಳು, ಆದರೆ ಅವಳಿಗೂ ಗೊತ್ತಿದ್ದದ್ದು ಸೀಸೆಯೇ.

ವಿಜ್ಞಾನ ಈ ಕಾಲದಲ್ಲಿ ಸುಮ್ಮನಿರಲಿಲ್ಲ. 1948ರಲ್ಲಿ ಅಮೆರಿಕದ ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿ ಒಂದು ಸ್ವಾರಸ್ಯದ ಪ್ರಯೋಗವನ್ನು ಪ್ರಕಟಿಸಿದರು. ಹಾಲೂಡಿಸುವ ತಾಯಿಯ ಕಾಲನ್ನು ಮಂಜಿನ ನೀರಿನಲ್ಲಿ ಇರಿಸಿದರು, ಲೆಕ್ಕ ಕೇಳಿ ಪೀಡಿಸಿದರು. ಮಗುವಿಗೆ ಸಿಕ್ಕ ಹಾಲಿನ ತೂಕ ಗಣನೀಯವಾಗಿ ಇಳಿಯಿತು. ಅದೇ ಕಿರಿಕಿರಿಯ ನಡುವೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ ಹಾಲು ಮತ್ತೆ ಹೆಚ್ಚುಕಡಿಮೆ ಮೊದಲಿನಷ್ಟಾಯಿತು. ಎದೆಯಲ್ಲಿ ಹಾಲು ಇದ್ದೂ ಮನಸ್ಸು ಕಲಕಿದಾಗ ಇಳಿಯುವುದಿಲ್ಲ ಎಂದಾಯಿತು. ಸುಶ್ರುತನ ವಾತ್ಸಲ್ಯದ ಮಾತಿಗೆ ಪ್ರಯೋಗಶಾಲೆಯ ಆಧಾರ ಸಿಕ್ಕಿದಂತೆ. ಬಾಣಂತಿಯ ಮುಂದೆ ನಿಂತು ‘ಹಾಲು ಸಾಲುತ್ತಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುವ ನೆಂಟರು ಈ ಪ್ರಯೋಗವನ್ನು ಗಮನಿಸುವುದು ಒಳ್ಳೆಯದು.

ಡಬ್ಬಿಯ ಹಾಲಿನ ಕಥೆ ಇದಕ್ಕೆ ಹೆಣೆದುಕೊಂಡೇ ಬಂದದ್ದು. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಮತ್ತು ಸ್ವಿಟ್ಜರ್ಲೆಂಡಿನ ಆಂರಿ ನೆಸ್ಲೆ 1860ರ ದಶಕದಲ್ಲಿ ಶಿಶು ಆಹಾರಗಳನ್ನು ಮಾರುಕಟ್ಟೆಗೆ ತಂದರು. ತಾಯಿ ಸತ್ತ ಮಗುವಿಗೆ ಅದು ವರವೆನ್ನಬೇಕು. ಆದರೆ ಡಬ್ಬ ಅಂಥ ಮನೆಗಳಿಗಷ್ಟೇ ಹೋಗಲಿಲ್ಲ. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾತನಾಡಿದ ಡಾ. ಸಿಸಿಲಿ ವಿಲಿಯಮ್ಸ್ ತಮ್ಮ ಭಾಷಣಕ್ಕೆ ಇಟ್ಟ ಹೆಸರು ‘ಹಾಲು ಮತ್ತು ಕೊಲೆ’. ದಾದಿಯರ ವೇಷದ ಮಾರಾಟಗಾರ್ತಿಯರು ಸಿಹಿ ಸೇರಿಸಿದ ಗಟ್ಟಿಹಾಲನ್ನು ಬಡ ತಾಯಂದಿರಿಗೆ ಒಪ್ಪಿಸುತ್ತಿದ್ದುದನ್ನೂ, ಆ ಮಕ್ಕಳು ಭೇದಿಯಿಂದ, ಪೋಷಣೆಯಿಲ್ಲದೆ ಸಾಯುತ್ತಿದ್ದುದನ್ನೂ ಆಕೆ ಕಣ್ಣಾರೆ ಕಂಡಿದ್ದರು. ಮುಂದೆ ಜಪಾನೀಯರ ಸೆರೆಯಲ್ಲಿ ಚಾಂಗಿ ಬಂದೀಖಾನೆಯಲ್ಲಿದ್ದಾಗ ಅಲ್ಲಿ ಹುಟ್ಟಿದ ಇಪ್ಪತ್ತು ಮಕ್ಕಳೂ ತಾಯಿಹಾಲು ಕುಡಿದು ಬದುಕಿದರೆಂದು ಅವರು ಆಮೇಲೆ ನೆನೆಯುತ್ತಿದ್ದರು. ಅಷ್ಟು ಹೊಟ್ಟೆಗಿಲ್ಲದ ಜಾಗದಲ್ಲೂ ಹಾಲು ಬತ್ತಲಿಲ್ಲ.

ಭಾರತದ ಪಟ್ಟಣಗಳ ಮಧ್ಯಮವರ್ಗಕ್ಕೆ ಗ್ಲಾಕ್ಸೊ ಡಬ್ಬ ಸ್ವಾತಂತ್ರ್ಯಕ್ಕೆ ಮೊದಲೇ ಪರಿಚಿತ. ಅದಕ್ಕೆ ಸ್ವದೇಶಿ ಉತ್ತರ ಹುಟ್ಟಿದ್ದು ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು, ಜಿಡ್ಡು ಹೆಚ್ಚಿರುವ, ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುವ ಎಮ್ಮೆಯ ಹಾಲನ್ನು ಶಿಶುಗಳಿಗೆ ಒಗ್ಗುವ ಪುಡಿಯಾಗಿಸುವ ವಿಧಾನ ಕಂಡುಹಿಡಿದರು. 1960ರ ಸುಮಾರಿಗೆ ಗುಜರಾತಿನ ಆಣಂದದ ಸಹಕಾರ ಸಂಘ ಆ ವಿಧಾನದಿಂದ ಅಮುಲ್ ಶಿಶು ಆಹಾರ ತಯಾರಿಸತೊಡಗಿತು. ವಿದೇಶಿ ಡಬ್ಬಿಗೆ ತೆರುತ್ತಿದ್ದ ಹಣ ಉಳಿಸಿದ ಆ ಸಾಧನೆ ಸಣ್ಣದಲ್ಲ. ಆದರೆ ದುಂಡುದುಂಡಾದ ಮಗುವನ್ನು ‘ಅಮುಲ್ ಬೇಬಿ’ ಎಂದು ಕರೆಯುವ ಮಟ್ಟಿಗೆ ಡಬ್ಬಿಯ ಹಾಲು ಆರೋಗ್ಯಕ್ಕೆ ಮತ್ತೊಂದು ಹೆಸರಾದದ್ದು, ಸೊಪ್ಪು ಸಾರು ಉಂಡು ಹಾಲೂಡಿಸುತ್ತಿದ್ದ ತಾಯಿಗೆ ತನ್ನ ಹಾಲೇ ಕೀಳೆನ್ನಿಸಿದ್ದು, ಲೆಕ್ಕಕ್ಕೆ ಸಿಗದ ನಷ್ಟ. ಬಡವರ ಮನೆಯಲ್ಲಿ ದುಬಾರಿ ಪುಡಿಗೆ ನೀರು ಹೆಚ್ಚಾಗುತ್ತದೆ, ಆ ನೀರು ಕಾದಿರುವುದಿಲ್ಲ, ಸೀಸೆ ತೊಳೆಯುವುದು ಕಷ್ಟ. ಭೇದಿ ಹತ್ತುವುದು ಅಲ್ಲಿಂದಲೇ.

ಮರಳಿ ಕಲಿಯುವ ಪ್ರಯತ್ನವನ್ನು ಮೊದಲು ಮಾಡಿದವರು ವೈದ್ಯರಲ್ಲ. 1956ರಲ್ಲಿ ಷಿಕಾಗೋ ಬಳಿಯ ಫ್ರ್ಯಾಂಕ್ಲಿನ್ ಪಾರ್ಕ್ ಎಂಬ ಊರಿನ ಏಳು ಜನ ಗೃಹಿಣಿಯರು, ತಾವು ತಪ್ಪಿ ಎಡವಿ ಕಲಿತದ್ದನ್ನು ಇತರರಿಗೆ ಹೇಳಿಕೊಡಲು ಒಬ್ಬರ ಮನೆಯಲ್ಲಿ ಸೇರತೊಡಗಿದರು. ಸಂಘದ ಹೆಸರು ‘ಲಾ ಲೆಚೆ ಲೀಗ್’. ಸ್ಪ್ಯಾನಿಷ್ ಭಾಷೆಯಲ್ಲಿ ಲೆಚೆ ಎಂದರೆ ಹಾಲು. ಸ್ತನ ಎಂಬ ಮಾತನ್ನು ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚು ಮಾಡಿಸುವುದು ಆಗ ಕಷ್ಟವಾಗಿದ್ದರಿಂದ ಪರಭಾಷೆಯ ಮರೆ. ಆ ಕೂಟದಲ್ಲಿ ನಡೆಯುತ್ತಿದ್ದದ್ದಾದರೂ ಏನು? ಒಬ್ಬಳು ಹಾಲೂಡಿಸುವುದು, ಇನ್ನೊಬ್ಬಳು ನೋಡುವುದು. ತೊಟ್ಟಿಮನೆಯ ಪಡಸಾಲೆಯಲ್ಲಿ ಹೆಸರಿಲ್ಲದೆ ನಡೆಯುತ್ತಿದ್ದದ್ದಕ್ಕೆ ಅಮೆರಿಕದಲ್ಲಿ ಸಂಘ ಕಟ್ಟಬೇಕಾಯಿತು. 1968ರಲ್ಲಿ ನಾರ್ವೆಯ ತಾಯಂದಿರು ಇಂಥದೇ ಸಂಸ್ಥೆ ಕಟ್ಟಿದರು. ಇಂದು ಮೊಲೆಯೂಡುವ ತಾಯಂದಿರ ಪ್ರಮಾಣ ಅತಿ ಹೆಚ್ಚಿರುವ ಶ್ರೀಮಂತ ದೇಶಗಳಲ್ಲಿ ನಾರ್ವೆ ಒಂದು.

ಕಂಪನಿಗಳ ವಿರುದ್ಧದ ಹೋರಾಟ ಬೇರೊಂದು ದೊಡ್ಡ ಅಧ್ಯಾಯ. 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ ಹೊರತಂದ ಕಿರುಹೊತ್ತಗೆ, 1977ರಲ್ಲಿ ಅಮೆರಿಕದಲ್ಲಿ ಶುರುವಾದ ನೆಸ್ಲೆ ಬಹಿಷ್ಕಾರ, 1981ರಲ್ಲಿ ವಿಶ್ವ ಆರೋಗ್ಯ ಸಭೆ 118 ಮತಗಳಿಂದ ಒಪ್ಪಿದ ನೀತಿಸಂಹಿತೆ ಅದರ ಮೈಲಿಗಲ್ಲುಗಳು. ವಿರುದ್ಧ ಬಿದ್ದ ಒಂದೇ ಮತ ಅಮೆರಿಕದ್ದು. ಭಾರತ 1992ರಲ್ಲಿ ಕಾನೂನನ್ನೇ ಮಾಡಿತು. ಶಿಶು ಆಹಾರದ, ಹಾಲಿನ ಸೀಸೆಯ ಜಾಹೀರಾತು ನಿಂತಿತು. ಡಬ್ಬಿಯ ಮೇಲಿನ ನಗುವ ಮಗುವಿನ ಚಿತ್ರ ಹೋಯಿತು. ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚುವುದು ಅಪರಾಧವಾಯಿತು. 2003ರ ತಿದ್ದುಪಡಿ ಅದನ್ನು ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೂ ವಿಸ್ತರಿಸಿತು. ಇದಕ್ಕೆ ಮೊದಲೇ, 1989ರಲ್ಲಿ, ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕ್ ತೆರೆದಿದ್ದರು. ದಿನ ತುಂಬದೆ ಹುಟ್ಟಿ ಚೀಪಲಾರದ ಕೂಸುಗಳಿಗೆ ಹಿಂಡಿದ ಹಾಲನ್ನು ಈಗ ಆಸ್ಪತ್ರೆಗಳಲ್ಲಿ ಕುಡಿಸುವುದು ಬಟ್ಟಲಿನಿಂದ, ಅಥವಾ ನಮ್ಮ ಮನೆಗಳ ಮೂಗುಳ್ಳ ಪುಟ್ಟ ಒಳಲೆಯಿಂದಲೇ. ಅಟ್ಟಕ್ಕೆ ಹೋಗಿದ್ದ ಒಳಲೆ ತೀವ್ರ ನಿಗಾ ಘಟಕಕ್ಕೆ ಬಂದದ್ದು ಖುಷಿಯ ಸಂಗತಿ.

ಕಾನೂನು ಡಬ್ಬಿಯನ್ನು ತಡೆಯಬಹುದು, ಮೊಲೆಯೂಡಲು ಕಲಿಸಲಾರದು. ಅಂಕಿಅಂಶಗಳು ಇದನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಪಡೆಯುತ್ತಿದ್ದ ಮಕ್ಕಳು ದೇಶದಲ್ಲಿ ಶೇ 9.5. 2015-16ರಲ್ಲಿ ಅದು ಶೇ 41.6ಕ್ಕೆ ಏರಿತು. 2019-21ರ ಐದನೆಯ ಸಮೀಕ್ಷೆಯಲ್ಲಿ ಶೇ 41.8, ಅಂದರೆ ನಿಂತಲ್ಲೇ ನಿಂತಿತು. ಆ ಹೊತ್ತಿಗೆ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಗಿಣ್ಣುಹಾಲನ್ನು ಚೆಲ್ಲಿಸುವ ಅಜ್ಜಿ ಹೆರಿಗೆ ಕೋಣೆಯೊಳಗೆ ಇರುವುದಿಲ್ಲ. ಹಾಗಿದ್ದೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಗಂಟೆ ತಪ್ಪಿಹೋಗುತ್ತಿದ್ದರೆ ಅದರ ಹೊಣೆಯನ್ನು ಇನ್ನು ಮೌಢ್ಯದ ತಲೆಗೆ ಕಟ್ಟುವಂತಿಲ್ಲ. ಸಿಸೇರಿಯನ್ ಆದ ತಾಯಿ ಒಂದು ಕಡೆ, ತೂಕ ನೋಡಿ ಬಟ್ಟೆ ಸುತ್ತಿದ ಮಗು ಇನ್ನೊಂದು ಕಡೆ, ನಡುವೆ ಹತ್ತಾರು ಬಾಣಂತಿಯರನ್ನು ನೋಡಿಕೊಳ್ಳುವ ಒಬ್ಬಳೇ ದಾದಿ.

ಆರು ತಿಂಗಳವರೆಗೆ ನೀರೂ ಇಲ್ಲದೆ ಎದೆಹಾಲು ಮಾತ್ರ ಸಾಕು ಎಂಬುದು 2001ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೂ ತಾಯಿಯ ಅರಿವೊಂದೇ ಸಾಲದು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಕೂಲಿಗೆ ಹೋಗುವವಳಿಗೆ, ಮನೆಗೆಲಸದವಳಿಗೆ ಇವೆರಡೂ ದೂರದ ಮಾತು. ಅವಳ ಕೂಸನ್ನು ಹಗಲಿಡೀ ನೋಡಿಕೊಳ್ಳುವುದು ಏಳೆಂಟು ವರ್ಷದ ಅಕ್ಕನೋ, ಕಣ್ಣು ಮಂಜಾದ ಅಜ್ಜಿಯೋ.

ಮನೆಮನೆಯ ಕಲಿಕೆಗೆ ಈಗ ಉಳಿದಿರುವ ಕೊಂಡಿ ಎಂದರೆ ಆಶಾ ಕಾರ್ಯಕರ್ತೆ. 2011ರಲ್ಲಿ ಶುರುವಾದ ನವಜಾತ ಶಿಶುಗಳ ಗೃಹ ಆರೈಕೆ ಕಾರ್ಯಕ್ರಮದಂತೆ ಆಸ್ಪತ್ರೆಯಲ್ಲಿ ಹೆತ್ತವಳನ್ನು ಅವಳು ಆರು ಸಲ ಭೇಟಿಯಾಗಬೇಕು: ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನ. ಮೊದಲ ಭೇಟಿ ಬೀಳುವುದು ಎದೆ ಕಲ್ಲಾಗುವ ಮೂರನೆಯ ದಿನಕ್ಕೆ, ಡಬ್ಬಿಯ ಹಾಲಿನ ಮಾತು ಮನೆಯಲ್ಲಿ ಏಳುವ ಹೊತ್ತಿಗೆ. ಮಗುವಿನ ಗದ್ದ ಎದೆಗೆ ತಾಗಿದೆಯೇ, ಕೆಳತುಟಿ ಹೊರಕ್ಕಿದೆಯೇ ಎಂದು ಅವಳು ನೋಡುತ್ತಾಳೆ. ಬೇಕಾದರೆ ಮಗುವನ್ನು ಬಿಡಿಸಿ ಮತ್ತೆ ಹಚ್ಚಿಸುತ್ತಾಳೆ. ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದರ್ಥ, ಅಳುವನ್ನು ಲೆಕ್ಕ ಹಿಡಿಯಬೇಡಿ, ಒದ್ದೆ ಬಟ್ಟೆ ಎಣಿಸಿ ಎಂದು ಬಾಣಂತಿಯ ಅಮ್ಮನಿಗೂ ಅತ್ತೆಗೂ ಹೇಳಿ ಮುಂದಿನ ಮನೆಗೆ ಹೊರಡುತ್ತಾಳೆ.